ಸೋಸುಬಟ್ಟೆಯಲ್ಲಿ ಏನೂ ಸಿಗದ ವರ್ಷ

ಹೊಟ್ಟೆನೋವು ಬಂದದ್ದು ನಮಗಲ್ಲ. ಕಾಲೇಜಿನ ಹಿಂದಿನ ಓಣಿಯವರಿಗೆ ಬಂತು. ಸ್ಟಾಫ್ ರೂಮಿನಲ್ಲಿ ನಮಗೆ ನೀರು ಕೊಡುತ್ತಿದ್ದ ಆಯಿಗೆ ಬಂತು. ಪರಿಸರದ ಪಾಠ ಹೇಳಿದವಳು ನಾನು. ಬಾವಿಯ ಮೇಲ್ಗಡೆ ಇಂಗುಗುಂಡಿ ತೋಡಿಸಿದ್ದು ಕಾಲೇಜು. ಆ ಗುಂಡಿಯನ್ನು ಮೆಚ್ಚಿ ವರದಿ ಬರೆದದ್ದು ವಿಶ್ವವಿದ್ಯಾಲಯದಿಂದ ಬಂದಿದ್ದ ತಪಾಸಣಾ ಸಮಿತಿ. ಆ ವೇಳೆಗೆ ನಮ್ಮಲ್ಲಿ ಒಬ್ಬರೂ ಆ ಬಾವಿಯ ನೀರು ಕುಡಿಯುತ್ತಿರಲಿಲ್ಲ.

ಇಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತಿದೆ. ಉಳಿದದ್ದನ್ನು ಎಷ್ಟು ಸಲ ಬರೆಯಲು ಕುಳಿತರೂ ಒಂದೊಂದು ಸಲ ಒಂದೊಂದು ಬಗೆಯಾಗಿ ಬರುತ್ತದೆ. ತಪ್ಪು ಯಾರದೆಂದು ನೇರವಾಗಿ ಹೇಳಬೇಕು ಎಂದು ನಾನು ಓದಿದ ಧಾರವಾಡದ ಶಾಲೆ ಕಲಿಸಿತ್ತು. ಅಲ್ಲಿ ಮಕ್ಕಳೇ ತೋಟ ಮಾಡುತ್ತಿದ್ದೆವು. ವಾರಕ್ಕೊಮ್ಮೆ ಸಭೆ ಸೇರಿ ಗುರುಗಳ ತಪ್ಪನ್ನೂ ಅವರ ಎದುರಿಗೇ ಆಡುತ್ತಿದ್ದೆವು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಆದರೆ ಈ ಒಂದು ಸಂಗತಿಯಲ್ಲಿ ಬೆರಳು ಎತ್ತಿದಾಗಲೆಲ್ಲ ಅದು ಎತ್ತ ತಿರುಗಬೇಕೆಂಬುದು ತಿಳಿಯದೆ ಕೈ ಹಾಗೆಯೇ ನಿಂತುಬಿಡುತ್ತದೆ.

ಎಂಬತ್ತರ ದಶಕದ ನಡುವೆ ನಾನು ಚಿಕ್ಕೋಡಿ ತಾಲೂಕಿನ ಒಂದು ಕಾಲೇಜಿಗೆ ಪ್ರಾಣಿಶಾಸ್ತ್ರದ ಅಧ್ಯಾಪಕಿಯಾಗಿ ಬಂದೆ. ಕಾಲೇಜು ಊರ ಹೊರಗೆ, ಹಿಂದೊಮ್ಮೆ ಹೊಲವಾಗಿದ್ದ ಜಾಗದಲ್ಲಿತ್ತು. ಹೊಲ ದಾನ ಕೊಟ್ಟ ಮನೆತನ ಅದರೊಳಗಿನ ಬಾವಿಯನ್ನೂ ಬಿಟ್ಟುಕೊಟ್ಟಿತ್ತು. ಕಲ್ಲು ಕಟ್ಟಿದ, ಅಗಲ ಬಾಯಿಯ ಬಾವಿ. ಹಿಂದಿನ ಓಣಿಯವರು ಮೊದಲಿಂದಲೂ ಅಲ್ಲಿಯೇ ನೀರು ಸೇದುತ್ತಿದ್ದರು. ಕಂಪೌಂಡ್ ಕಟ್ಟುವಾಗ ಅವರಿಗಾಗಿ ಗೋಡೆಯಲ್ಲಿ ಒಂದು ಸಂದಿ ಬಿಟ್ಟಿದ್ದರು. ಬಾವಿಗೆ ಎರಡು ಗಡಗಡಿ, ಅಂದರೆ ನೀರು ಸೇದುವ ರಾಟೆ. ಒಂದು ಕಾಲೇಜಿನ ಕಡೆಗೆ, ಇನ್ನೊಂದು ಓಣಿಯ ಕಡೆಗೆ. ಒಂದೇ ನೀರಿಗೆ ಎರಡು ಗಡಗಡಿ ಯಾಕೆಂದು ಬಂದ ಮೊದಲ ವಾರದಲ್ಲಿಯೇ ಕೇಳಿದೆ. ಹಗ್ಗ ಸಿಕ್ಕಿಬೀಳಬಾರದೆಂದು, ಎಂದರು. ಅದು ಸುಳ್ಳೆಂದು ನನಗೂ ಗೊತ್ತಿತ್ತು, ಹೇಳಿದವರಿಗೂ ಗೊತ್ತಿತ್ತು. ಓಣಿಯಲ್ಲಿದ್ದವರು ಹೊಲದ ಕೂಲಿಯವರು, ಹೆಚ್ಚಿನ ಮನೆಗಳು ಬೌದ್ಧರಾದ ದಲಿತರವು.

ಕಾಲೇಜಿನ ಕಡೆಯ ಗಡಗಡಿ ಆಯಿಯದು. ಆಕೆ ಏಕಸಂಬಿ ಕಡೆಯ ಜೈನ ಮನೆತನದ ವಿಧವೆ. ಸ್ಟಾಫ್ ರೂಮಿಗೂ ಪ್ರಯೋಗಾಲಯಗಳಿಗೂ ನೀರು ತುಂಬುವುದು ಆಕೆಯ ಕೆಲಸ. ಪ್ರಾಚಾರ್ಯರಿಂದ ಹಿಡಿದು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದೆವು. ಸೋಸದ ನೀರನ್ನು ಆಕೆ ಯಾರಿಗೂ ಕೊಡುತ್ತಿರಲಿಲ್ಲ. ಕೊಡದ ಬಾಯಿಗೆ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಹಾಸಿ, ನೀರು ಸುರಿದು, ಆಮೇಲೆ ಆ ಬಟ್ಟೆಯನ್ನು ಮಗುಚಿ ಸೋಸಿದ ನೀರಿನಿಂದಲೇ ತೊಳೆದು, ತೊಳೆದ ನೀರನ್ನು ಒಂದು ತಂಬಿಗೆಯಲ್ಲಿ ಹಿಡಿಯುತ್ತಿದ್ದಳು. ಆ ತಂಬಿಗೆಯ ತಳಕ್ಕೆ ಒಂದು ಕಡಗವಿತ್ತು. ಹಗ್ಗವನ್ನು ಕಡಗಕ್ಕೂ ಕಂಠಕ್ಕೂ ಸಿಕ್ಕಿಸಿ ಮೆಲ್ಲಗೆ ಬಾವಿಗೆ ಇಳಿಸುತ್ತಿದ್ದಳು. ತಂಬಿಗೆ ನೀರು ಮುಟ್ಟಿದ ಮೇಲೆಯೇ ಮಗುಚಿಕೊಳ್ಳಬೇಕು. ಮೇಲಿಂದ ಸುರಿದರೆ ಬಟ್ಟೆಯಲ್ಲಿ ಸಿಕ್ಕ ಸಣ್ಣ ಜೀವಗಳಿಗೆ ಪೆಟ್ಟಾಗುತ್ತದೆ. ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಅವು ಹೋಗಬೇಕು. ಜೀವಗಳನ್ನು ಮರಳಿ ಬಿಡಲು ಬಾರದ ನೀರನ್ನು ತಾನು ಕುಡಿಯುವುದಿಲ್ಲವೆಂಬ ನೇಮವನ್ನು ಆಕೆ ಗಂಡ ತೀರಿಕೊಂಡ ವರ್ಷ ಹಿಡಿದಿದ್ದಳು.

ವಿಜ್ಞಾನ ಕಲಿತವಳಿಗೆ ಇದೊಂದು ಹಬ್ಬವಾಯಿತು. ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ ಸೈಕ್ಲಾಪ್ಸ್ ಎಂಬ ಒಂಟಿಗಣ್ಣಿನ ನೀರುಜೀವಿಯನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸಲು ದೂರ ಹೋಗಬೇಕಾಗಿರಲಿಲ್ಲ. ಒಂದು ದಿನ ಆಯಿಯ ತಂಬಿಗೆಯನ್ನು ತರಗತಿಗೆ ಕೇಳಿದೆ.

"ಕೊಡ್ತೀನ್ರಿ ಬಾಯಾರ. ಆದ್ರ ಎಷ್ಟು ಒಯ್ತೀರೋ ಅಷ್ಟು ತಿರುಗಿ ತಂದು ಕೊಡ್ಬೇಕು," ಎಂದಳು. ಅಧ್ಯಾಪಕಿಯರನ್ನು ಅಲ್ಲಿ ಬಾಯಾರು ಎನ್ನುತ್ತಿದ್ದರು.

"ಎಣಿಸಿ ಕೊಡ್ಲೇನ ಆಯಿ?"

"ಹುಡುಗರ ಹಾಜ್ರಿ ಹಿಡಿತೀರಲ್ರಿ, ಇವ್ರದೂ ಹಿಡೀರಿ."

ಸೂಕ್ಷ್ಮದರ್ಶಕದಲ್ಲಿ ಆಕೆಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದನ್ನು ಹಚ್ಚಿ, ಬಹಳ ಹೊತ್ತು ಬಾಗಿ ನಿಂತಳು. "ಅಯ್ಯ ನನ್ನವ್ವಾ, ಇದಕ್ಕ ಕಣ್ಣೈತಿ!" ಎಂದಳು. ಆಮೇಲೆ ದನಿ ಇಳಿಸಿ ಕೇಳಿದಳು: "ಅದು ನನ್ನ ನೋಡಾಕತ್ತೈತೇನ್ರಿ?" ಹುಡುಗರು ನಕ್ಕರು. ನಾನು ನಗಲಿಲ್ಲ. ಪರಿಸರ ಎಂಬ ಪದವನ್ನು ನಮ್ಮ ಪಠ್ಯಕ್ರಮ ಆಗಿನ್ನೂ ಸರಿಯಾಗಿ ಉಚ್ಚರಿಸುತ್ತಿರಲಿಲ್ಲ. ಅದರ ಮೊದಲ ಪಾಠ ಆ ಮಧ್ಯಾಹ್ನವೇ ನಡೆಯಿತೆಂದು ನಾನು ನಂಬಿದ್ದೇನೆ. ಆ ಸ್ಲೈಡುಗಳ ನೀರನ್ನೂ ಆಕೆ ತೊಳೆದು ಬಾವಿಗೆ ಇಳಿಸಿದಳು.

ಆದರೆ ಎಲ್ಲ ತಪ್ಪನ್ನೂ ಹೇಳುವುದಾದರೆ ಇದನ್ನೂ ಹೇಳಬೇಕು. ಕಣ್ಣಿಗೆ ಕಂಡೂ ಕಾಣದಂಥ ಜೀವಕ್ಕೆ ಪೆಟ್ಟಾಗಬಾರದೆಂದು ತಂಬಿಗೆ ಇಳಿಸುತ್ತಿದ್ದ ಅದೇ ಆಯಿ, ಓಣಿಯ ಹೆಂಗಸು ಎದುರಿನ ಗಡಗಡಿಗೆ ಬಂದರೆ ತನ್ನ ಕೊಡವನ್ನು ಎತ್ತಿ ಎರಡು ಹೆಜ್ಜೆ ಆಚೆಗಿಡುತ್ತಿದ್ದಳು. ಅದು ಆಕೆಯ ಧರ್ಮ ಹೇಳಿದ್ದಲ್ಲ, ಊರು ಕಲಿಸಿದ್ದು. ಓಣಿಯ ಹೆಂಗಸರಲ್ಲಿ ಒಬ್ಬಳು, ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ, ಬಾಯಿ ಜೋರಿನವಳು, ಒಮ್ಮೆ ನನ್ನೆದುರಿಗೇ ಹೇಳಿದಳು: "ಆಯಿ, ನಿನ್ನ ಸೋಸೂ ಅರಿವ್ಯಾಗಿನ ಹುಳ ಆಗಿಯರೆ ಹುಟ್ಟಬೇಕಾಗಿತ್ತು ನೋಡ ನಾನು. ದಿನಾ ಕೈ ಹಿಡದು ಬಾವಿಗಿ ಇಳಸ್ತಿದ್ದಿ." ಆಯಿ ಹಗ್ಗ ಸುತ್ತತೊಡಗಿದಳು. ನಾನು ಸ್ಟಾಫ್ ರೂಮಿನ ಕಡೆ ನಡೆದೆ. ಧಾರವಾಡದ ಶಾಲೆಯ ಸಭೆಯಲ್ಲಾಗಿದ್ದರೆ ಎದ್ದು ನಿಲ್ಲುತ್ತಿದ್ದೆ. ಬಾವಿಕಟ್ಟೆಯ ಮೇಲೆ ನಿಲ್ಲಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಕಾಲೇಜಿಗೆ ಬೋರ್ ಬಂತು. ಸ್ಟಾಫ್ ರೂಮಿಗೆ ನಳ, ಪ್ರಯೋಗಾಲಯಗಳಿಗೆ ನಳ, ಹಾಸ್ಟೆಲಿಗೆ ನಳ. ಆಯಿಯ ಕೆಲಸ ನಳದಿಂದ ಹಂಡೆ ತುಂಬುವಷ್ಟಕ್ಕೆ ಇಳಿಯಿತು. ತನಗೆ ಬೇಕಾದ ಒಂದು ಕೊಡವನ್ನು ಮಾತ್ರ ಆಕೆ ಬಾವಿಯಿಂದ ಸೇದಿಕೊಳ್ಳುತ್ತಿದ್ದಳು. "ಬೋರಿನೊಳಗಿನ ಜೀವ ವಾಪಸ್ ಹ್ಯಾಂಗ ಬಿಡ್ಲ್ರಿ? ಪೈಪಿನ್ಯಾಗ ತಂಬಿಗಿ ಇಳಿತೈತೇನು?" ಎನ್ನುತ್ತಿದ್ದಳು. ಅಂದಿನಿಂದ ಆ ಬಾವಿಯ ನೀರು ಕುಡಿಯುವವರೆಂದರೆ ಬೇರೆ ನೀರಿಲ್ಲದ ಓಣಿಯವರು ಮತ್ತು ಬೇರೆ ನೀರು ಕುಡಿಯಲಾಗದ ಆಯಿ.

ನಳ ಬಂದ ಮೇಲೆ ನೀರು ಪೋಲಾಗತೊಡಗಿತು. ಪ್ರಯೋಗಾಲಯಗಳ ತೊಟ್ಟಿಗಳಿಂದ, ಹಾಸ್ಟೆಲಿನ ಬಚ್ಚಲಿನಿಂದ ಹರಿದದ್ದೆಲ್ಲ ಗಟಾರದಲ್ಲಿ ನಿಂತು ನಾರುತ್ತಿತ್ತು. ಇದೇ ಹೊತ್ತಿಗೆ ಪರಿಸರ ವಿಷಯವನ್ನು ಪಾಠದಲ್ಲಿಯೂ ಕಾಲೇಜಿನ ಆವರಣದಲ್ಲಿಯೂ ತರಬೇಕೆಂದು ವಿಶ್ವವಿದ್ಯಾಲಯದ ಸುತ್ತೋಲೆ ಬಂದಿತ್ತು. ಪ್ರಾಚಾರ್ಯರು ಅದನ್ನು ನನ್ನ ಕೈಗಿಟ್ಟು, "ನಿಮಗs ಇದರ ಹುಚ್ಚು ಭಾಳ ಐತಿ, ತಗೊಳ್ರಿ ಮೇಡಂ," ಎಂದರು. ನಾನು ಪರಿಸರ ಸಂಘ ಕಟ್ಟಿದೆ. ಭಾಷಣ ಸ್ಪರ್ಧೆ, ಗಿಡ ನೆಡುವ ದಿನ, ಇವು ಸಾಲವೆಂದೆ. ಕಾಲೇಜು ತಾನು ಹೇಳಿದ್ದನ್ನು ತಾನೇ ಮಾಡಿ ತೋರಿಸಬೇಕೆಂದೆ. ಬಾವಿಯ ಮೇಲಿನ ದಿಬ್ಬದಲ್ಲಿ ಇಂಗುಗುಂಡಿ ತೋಡಿ, ಕಲ್ಲು, ಇದ್ದಿಲು, ಮರಳು ತುಂಬಿ, ಬಳಸಿದ ನೀರನ್ನೆಲ್ಲ ಅದಕ್ಕೆ ಬಿಡುವುದು. ಅದು ಸೋಸಿ ಇಳಿದು ಬಾವಿಯ ಸೆಲೆಗೆ ಸೇರುವುದು. ನಾವು ಬಾವಿಯನ್ನು ಬಿಟ್ಟುಬಿಟ್ಟಿದ್ದೆವಲ್ಲ, ಅದರ ಋಣ ತೀರಿಸುವ ಹಾದಿ ಇದೆಂದು ನನಗನ್ನಿಸಿತ್ತು. ಆಯಿ ಮಾಡುತ್ತಿದ್ದುದನ್ನೇ ನಾವು ದೊಡ್ಡದಾಗಿ ಮಾಡುತ್ತಿದ್ದೇವೆಂದು ವಿದ್ಯಾರ್ಥಿಗಳಿಗೆ ಹೇಳಿದೆ.

ನಕ್ಷೆಯನ್ನು ನಾನೇ ಬರೆದೆ. ಬಚ್ಚಲು, ಕೈ ತೊಳೆಯುವ ತೊಟ್ಟಿಗಳ ನೀರು ನೀಲಿ ಪೆನ್ಸಿಲಿನಲ್ಲಿ. ರಸಾಯನಶಾಸ್ತ್ರ ಪ್ರಯೋಗಾಲಯದ ನೀರು ಕೆಂಪು ಪೆನ್ಸಿಲಿನಲ್ಲಿ. ಎರಡು ಬಣ್ಣ ಬಳಸಿದ್ದು ಚೆನ್ನಾಗಿ ನೆನಪಿದೆ. ಕೆಂಪು ಗೆರೆಯನ್ನು ಗುಂಡಿಗೆ ಸೇರಿಸದೆ ಬೇರೆ ತೊಟ್ಟಿಗೆ ಒಯ್ದಿದ್ದೆನೇ ಅಥವಾ ಬಣ್ಣ ಬೇರೆಯಾದರೂ ಕೊನೆಯಲ್ಲಿ ಗುಂಡಿಗೇ ತಿರುಗಿಸಿದ್ದೆನೇ ಎಂಬುದು ನೆನಪಿಲ್ಲ. ಹಾಗೆ ಬಣ್ಣ ಬೇರೆ ಮಾಡಿದವಳು ನೀರನ್ನೂ ಬೇರೆ ಮಾಡಿರಲೇಬೇಕು ಎಂದು ಹಗಲು ಅನ್ನಿಸುತ್ತದೆ. ಆ ಹೊತ್ತಿನ ನನ್ನ ಉಮೇದು ನೆನೆದರೆ ಆ ಧೈರ್ಯ ಉಳಿಯುವುದಿಲ್ಲ. ಯಾಕೆಂದರೆ ಅದೇ ವಾರ ಸಂಘದ ಹುಡುಗಿಯರು ಹಿಂದಿನ ಗೋಡೆಯ ಮೇಲೆ ನಾನು ಹೇಳಿಕೊಟ್ಟ ಘೋಷವಾಕ್ಯವನ್ನು ಬರೆದಿದ್ದರು: ಕಾಲೇಜಿನ ಒಂದು ಹನಿಯೂ ಹೊರಗೆ ಹೋಗಬಾರದು.

ಗುಂಡಿ ಬೇಸಿಗೆಯಲ್ಲಿ ಮುಗಿಯಿತು. ಅದರ ಸುತ್ತ ಬಾಳೆ ಹಚ್ಚಿದೆವು. ಮಳೆಗಾಲಕ್ಕೆ ತಪಾಸಣಾ ಸಮಿತಿ ಬಂತು. ಅದರ ಹಿರಿಯ ಸದಸ್ಯರು ಗುಂಡಿಯ ಬಳಿ ನಿಂತು, ಅಲ್ಲಿಯೇ ಸೋಸುಬಟ್ಟೆ ತೊಳೆಯುತ್ತಿದ್ದ ಆಯಿಯನ್ನು ಇದೇನೆಂದು ಕೇಳಿದರು. ಆಯಿ ಎದ್ದು ಸೆರಗು ಸರಿಪಡಿಸಿಕೊಂಡು, "ನಾನು ಬಾವಿಗಿ ಜೀವ ಬಿಡ್ತೀನ್ರಿ, ಬಾಯಾರು ನೀರು ಬಿಡ್ತಾರ," ಎಂದಳು. ಅವರಿಗೆ ಆ ಮಾತು ಬಹಳ ಹಿಡಿಸಿತು. ಜೇಬಿನಿಂದ ಸಣ್ಣ ವಹಿ ತೆಗೆದು ಬರೆದುಕೊಂಡರು. ವರದಿಯಲ್ಲಿ ನಮ್ಮ ಕಾಲೇಜು ಉಳಿದವಕ್ಕೆ ಮಾದರಿಯೆಂದು ಬಂತು. ಗುಂಡಿಯ ಮುಚ್ಚಳವನ್ನು ಯಾರೂ ಎತ್ತಿಸಿ ನೋಡಿರಲಿಲ್ಲ. ನೋಡಬೇಕೆಂದು ನಾನೂ ಹೇಳಲಿಲ್ಲ. ಹೊಗಳಿಕೆಯ ಹೊತ್ತಿನಲ್ಲಿ ಮುಚ್ಚಳ ಯಾರು ಎತ್ತುತ್ತಾರೆ?

ಆ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಆಯಿ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒದ್ದೆ ಬಟ್ಟೆ.

"ಬಾಯಾರ, ಅರಿವ್ಯಾಗ ಏನೂ ಇಲ್ರಿ."

"ಏನೂ ಇಲ್ಲಂದ್ರ?"

"ಜೀವ ಇಲ್ರಿ. ನಾಕು ದಿನಾತು ನೋಡಾಕತ್ತೀನಿ. ನನ್ನ ಕಣ್ಣ ಮಂಜಾಗ್ಯಾವೇನೋ ಅಂತ ಬಿಟ್ಟಿದ್ದೆ. ನಿಮ್ಮ ಆ ಭೂತಗನ್ನಡಿಯೊಳಗ ಒಮ್ಮಿ ನೋಡ್ರಿ."

ನೋಡಿದೆ. ಒಂದು ಹನಿ, ಹತ್ತು ಹನಿ. ಗಾಜಿನ ಮೇಲೆ ಬರಿಯ ಬೆಳಕು. ಆ ಕಾಲಕ್ಕೆ ನಮ್ಮ ಭಾಗದಲ್ಲಿ ನಾರುಹುಣ್ಣಿನ ರೋಗವನ್ನು ನಿರ್ಮೂಲ ಮಾಡಲು ಆರೋಗ್ಯ ಇಲಾಖೆಯವರು ಬಾವಿಗಳಿಗೆ ಔಷಧ ಹಾಕುತ್ತಿದ್ದುದು ನನಗೆ ಗೊತ್ತಿತ್ತು. ಆ ರೋಗದ ಹುಳವನ್ನು ಹೊತ್ತು ತರುವುದೇ ಸೈಕ್ಲಾಪ್ಸ್. ಅದು ಸತ್ತರೆ ರೋಗದ ದಾರಿ ಮುಚ್ಚುತ್ತದೆ. ನನಗೆ ಸಂತೋಷವಾಯಿತು. ಹೌದು, ಸಂತೋಷವಾಯಿತು, ಈ ಪದವನ್ನು ಬದಲಿಸಲಾರೆ.

"ಔಷಧ ಹಾಕ್ಯಾರ ಆಯಿ. ಇನ್ನ ನೀರು ಸ್ವಚ್ಛ ಆತು. ಬ್ಯಾನಿ ಬರೂದಿಲ್ಲ," ಎಂದೆ.

ಆಕೆ ಬಟ್ಟೆಯನ್ನು ಹಿಂಡಿದಳು, ಮತ್ತೆ ಬಿಡಿಸಿದಳು. "ಎಲ್ಲಾ ಸತ್ತಾವೇನ್ರಿ ಹಂಗಾರ?"

"ಸತ್ತಿದ್ದು ಛಲೋನs ಆತು."

"ಮತ್ತ ನಾ ತಂಬಿಗಿ ಇಳಸೂದೇನ್ರಿ ಇನ್ನ?"

"ನಿಮ್ಮ ನೇಮ. ನೀವು ಇಳಸ್ರಿ."

ಜೀವವಿಲ್ಲದ ನೀರನ್ನು ಆಕೆ ಅದೇ ಜೋಪಾನದಿಂದ ದಿನವೂ ಬಾವಿಗೆ ಇಳಿಸಿದಳು. ನಾನು ಗೋಡೆಪತ್ರಿಕೆಯಲ್ಲಿ 'ನಮ್ಮ ಬಾವಿ ಶುದ್ಧವಾಯಿತು' ಎಂದು ಬರೆದೆ. ಇಡೀ ತಾಲೂಕಿನಲ್ಲಿ ಬಾವಿಯ ಸ್ಥಿತಿಯನ್ನು ದಿನವೂ ಬಟ್ಟೆ ಹಿಡಿದು ಪರೀಕ್ಷೆ ಮಾಡುತ್ತಿದ್ದವಳು ಪ್ರಾಯಶಃ ಅವಳೊಬ್ಬಳೇ. ಆಕೆ ತಂದ ಫಲಿತಾಂಶವನ್ನು ನಾನು ತಲೆಕೆಳಗಾಗಿ ಓದಿದೆ.

ಮಾರ್ಚಿನ ಹೊತ್ತಿಗೆ ಓಣಿಯ ಆ ಬಾಯಿಜೋರಿನ ಹೆಂಗಸು ಗೋಡೆಯ ಸಂದಿಯಿಂದ ನನ್ನನ್ನು ಕೂಗಿ ನಿಲ್ಲಿಸಿದಳು. "ಏನ್ರಿ ಬಾಯಾರ, ನಿಮ್ಮ ಬಾವಿ ನೀರಾಗ ಬ್ಯಾಳಿ ಬೇಯವಲ್ದು. ಎರಡು ಹೊರಿ ಕಟಗಿ ಸುಟ್ಟರೂ ಕಲ್ಲು ಕಲ್ಲs."

"ಬ್ಯಾಸಗಿ ಬಂತಲ್ಲ, ನೀರು ತಳಕ್ಕ ಹೋಗಿ ಗಡಸಾಗತೈತಿ," ಎಂದು ನಾನು ವಿವರಿಸಿದೆ. ನನ್ನ ಹತ್ತಿರ ವಿವರಣೆಗಳಿಗೆ ಬರವಿರಲಿಲ್ಲ.

"ಹುಡುಗ್ರು ಹೊಟ್ಟಿ ಹಿಡಕೊಂಡು ಕೂಡ್ತಾವಲ್ರಿ, ಅದಕ್ಕೂ ಬ್ಯಾಸಗೀನs?"

"ಕಾಸಿ ಕುಡೀರಿ."

"ಕಾಸಾಕ ಕಟಗಿ ನಿಮ್ಮ ಸಂಘದವ್ರು ಕೊಡ್ತಾರೇನು? ಇದ್ದ ಗಿಡದ ಟೊಂಗಿ ಮುರದ್ರ ಹುಡುಗೇರನ್ನ ಕಳಿಸಿ ಓಡಸ್ತೀರಿ."

ಇದು ನಿಜ. ಆವರಣದ ಒಣ ಟೊಂಗೆ ಆಯಲು ಬರುತ್ತಿದ್ದ ಓಣಿಯ ಹೆಂಗಸರನ್ನು ತಡೆಯಬೇಕೆಂದು ಸಂಘದ ಸಭೆಯಲ್ಲಿ ಗೊತ್ತುವಳಿ ಮಾಡಿಸಿದ್ದವಳು ನಾನು. ಹಸಿರು ಉಳಿಸುವ ಕೆಲಸವೆಂದು ಭಾವಿಸಿದ್ದೆ. ಒಣ ಟೊಂಗೆಯಲ್ಲಿ ಯಾವ ಹಸಿರಿತ್ತು?

ಬೇಸಿಗೆ ರಜೆ ಮುಗಿಸಿ ಬಂದಾಗ ಆಯಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಾಯೊಳಗೆ ಹುಣ್ಣು, ತಿಂದದ್ದು ನಿಲ್ಲುವುದಿಲ್ಲ. ನಿಪ್ಪಾಣಿಯ ವೈದ್ಯರಿಗೆ ತೋರಿಸಿದೆವು. ಹೊಟ್ಟೆಯಲ್ಲಿ ಹುಣ್ಣಿದ್ದಂತಿದೆ, ಖಾರ ಬಿಡಿ, ಎಂದರು; ಉಪವಾಸ ಕಡಿಮೆ ಮಾಡಿ ಎಂದರು. ಆಯಿಯ ಅಡುಗೆಯಲ್ಲಿ ಖಾರವೇ ಇರಲಿಲ್ಲ. ಕೆಲವು ದಿನ ನಳದ ನೀರು ಕುಡಿಯಿರೆಂದು ನಾನು ಬೇಡಿಕೊಂಡೆ. "ಬಾವಿ ನೀರು ಸ್ವಚ್ಛ ಆಗೇತಿ ಅಂತ ನೀವs ಬರದೀರಲ್ರಿ," ಎಂದಳು. ಚುಚ್ಚಿ ಹೇಳಿದ್ದಲ್ಲ. ನನ್ನ ಬರಹವನ್ನು ನಂಬಿ ಹೇಳಿದ್ದು.

ಅದೇ ವಾರ ಗುಂಡಿಯ ಸುತ್ತಲಿನ ಬಾಳೆಗಳ ಕಡೆ ನನ್ನ ಕಣ್ಣು ಹೋಯಿತು. ಎಲೆ ಹಳದಿ, ಅಂಚು ಸುಟ್ಟಂತೆ. ಮುಚ್ಚಳ ಎತ್ತಿಸಿದೆ. ಮೇಲಿನ ಕಲ್ಲುಗಳಿಗೆ ಹಸಿರು ಮಿಶ್ರಿತ ನೀಲಿ ಬಣ್ಣದ ಪೊರೆ ಕಟ್ಟಿತ್ತು. ಮಣ್ಣು ಅಗೆಸಿದಾಗ ಪೈಪು ಸಿಕ್ಕಿತು. ರಸಾಯನಶಾಸ್ತ್ರ ಪ್ರಯೋಗಾಲಯದ ಪೈಪು ಬೇರಾವ ತೊಟ್ಟಿಗೂ ಹೋಗದೆ ನೇರ ಗುಂಡಿಯ ಪೈಪಿಗೆ ಕೂಡಿಕೊಂಡಿತ್ತು. ಬಿ.ಎಸ್ಸಿ. ಹುಡುಗರು ಲವಣಗಳನ್ನು ಪರೀಕ್ಷೆ ಮಾಡಿ ತೊಟ್ಟಿಗೆ ಸುರಿಯುತ್ತಿದ್ದ ಸೀಸ, ತಾಮ್ರ, ಪಾದರಸ, ಆಮ್ಲ, ಎಲ್ಲವೂ ಆ ದಾರಿಯಲ್ಲಿಯೇ.

ನಾನು ಮೊದಲು ಗುಂಡಿ ಕಟ್ಟಿದ ಗೌಂಡಿಯನ್ನು ಕೇಳಿದೆ.

"ಯಾರ ಹೇಳಿದ್ರು ಇದನ್ನ ಕೂಡ್ಸಾಕ?"

ಅವನು ಗೋಡೆಯ ಕಡೆ ಕೈ ತೋರಿಸಿದ. "ನೀವs ಬರಸೀರಲ್ರಿ, ಒಂದು ಹನಿ ಹೊರಗ ಹೋಗಬಾರ್ದು ಅಂತ. ಆ ಪೈಪ ಹೊರಗ ಬಿಟ್ಟಿದ್ರ ಬಾಯಾರು ಬೈತಾರ ಅಂದೆ. ಮತ್ತ ನಕ್ಷಾದಾಗೂ ಹಂಗs ಇತ್ತು ಅಂತ ಕಾಣ್ತೈತಿ."

"ಕಾಣ್ತೈತಿ ಅಂದ್ರ? ಇತ್ತೋ ಇಲ್ಲೋ?"

"ಕೆಂಪು ಗೆರಿ ಒಂದಿತ್ತ ನೋಡ್ರಿ. ಅದು ಎಲ್ಲಿಗಿ ಹೋಗಿತ್ತು, ದೇವರಾಣಿ, ನೆನಪಿಲ್ಲ."

ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು, ನಕ್ಷೆಯಂತೆಯೇ ಆಗಿದೆ, ತಮ್ಮನ್ನು ಯಾರೂ ಕೇಳಿರಲಿಲ್ಲ, ಎಂದರು. ಬಾವಿ ನೀರನ್ನು ಪರೀಕ್ಷಿಸಿಕೊಡಿ ಎಂದೆ. ಒಮ್ಮೆ ಲೋಹವಿಲ್ಲ ಎಂದರು, ಮತ್ತೊಮ್ಮೆ ಇದ್ದರೂ ಅತ್ಯಲ್ಪ ಎಂದರು, ಮೂರನೆಯ ಸಲ ಪರೀಕ್ಷೆಯ ರಾಸಾಯನಿಕ ಮುಗಿದಿದೆ ಎಂದರು. ಯಾರ ತೊಟ್ಟಿಯ ಮೇಲೆ ಅನುಮಾನವೋ ಅವರನ್ನೇ ಪರೀಕ್ಷಕರನ್ನಾಗಿ ಮಾಡಿದ ನನ್ನ ಬುದ್ಧಿಗೂ ಏನೆನ್ನಬೇಕು? ಬಾಟಲಿ ತುಂಬಿ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆ. ಅಚ್ಚಾದ ಕಾಗದದಲ್ಲಿ ಉತ್ತರ ಬಂತು: ಸೂಕ್ಷ್ಮಜೀವಿಗಳು ಕಂಡುಬಂದಿಲ್ಲ, ಕುಡಿಯಲು ಯೋಗ್ಯ. ಆ ಕಾಗದ ಕೇಳುತ್ತಿದ್ದುದು ಜೀವವಿದೆಯೇ ಎಂಬ ಒಂದೇ ಪ್ರಶ್ನೆಯನ್ನು. ಜೀವವಿಲ್ಲ, ಆದ್ದರಿಂದ ಕುಡಿಯಿರಿ. ನಾನು ಆಯಿಗೆ ಹೇಳಿದ್ದೂ ಇದನ್ನೇ. ಸಿಟ್ಟು ಯಾರ ಮೇಲೆ ಬರಬೇಕೆಂಬುದು ತಿಳಿಯಲಿಲ್ಲ.

ಇನ್ನೊಂದು ತೊಡಕು ಹೇಳಿಬಿಡುತ್ತೇನೆ. ಬಾವಿಯ ಪಕ್ಕದ ಕಬ್ಬಿನ ಹೊಲದವರು ಔಷಧ ಹೊಡೆದ ಪಂಪನ್ನು ಓಣಿಯ ಕಡೆಯ ಕಟ್ಟೆಯ ಮೇಲೆಯೇ ತೊಳೆಯುತ್ತಿದ್ದರು. ಆರೋಗ್ಯ ಇಲಾಖೆಯವರನ್ನು ವಿಚಾರಿಸಿದಾಗ ಒಬ್ಬರು ಆ ಬಾವಿಗೆ ತಾವು ಬಂದೇ ಇಲ್ಲವೆಂದರು, ಇನ್ನೊಬ್ಬರು ಬಂದಿರಬಹುದು ಎಂದರು. ಹಾಗಾದರೆ ಜೀವಗಳನ್ನು ಕೊಂದದ್ದು ಪ್ರಯೋಗಾಲಯವೋ, ಹೊಲದ ಪಂಪೋ, ಇಲಾಖೆಯ ಔಷಧವೋ? ಆಯಿಯ ಹೊಟ್ಟೆಯಲ್ಲಿ ಹುಣ್ಣಾದದ್ದು ಇದರಿಂದಲೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆನೇ? ಹೇಳಲಾರೆ. ಪ್ರಾಚಾರ್ಯರು ಈ ಮಾತನ್ನೇ ಹಿಡಿದರು. "ನಿಮಗs ಖಾತ್ರಿ ಇಲ್ಲ ಮೇಡಂ. ಖಾತ್ರಿ ಆದ ಮ್ಯಾಲ ಅರ್ಜಿ ಕೊಡ್ರಿ. ಮಾದರಿ ಕಾಲೇಜು ಅಂತ ವರದಿ ಬಂದೇತಿ, ಈಗ ಗುಂಡಿ ಅಗದ್ರ ಮಂದಿ ಏನಂದಾರು?" ನಕ್ಷೆ ಕೇಳಿದೆ. ಕಡತ ಸಂಸ್ಥೆಯ ಮುಖ್ಯ ಕಚೇರಿಗೆ ಹೋಗಿದೆ ಎಂದರು. ಮುಖ್ಯ ಕಚೇರಿಯವರು ಕಡತ ಕಾಲೇಜಿನಲ್ಲಿಯೇ ಇರಬೇಕೆಂದರು. ಅಗೆದ ಜಾಗವನ್ನು ನಾನಿಲ್ಲದ ದಿನ ಮತ್ತೆ ಮುಚ್ಚಿಸಿದರು.

ಆ ದೀಪಾವಳಿಯ ಹೊತ್ತಿಗೆ ಆಯಿ ಕೆಲಸ ಬಿಟ್ಟು ಮಗಳ ಮನೆಗೆ, ಕೃಷ್ಣೆಯ ದಂಡೆಯ ಜುಗೂಳಕ್ಕೆ ಹೋದಳು. ಹೋಗುವ ಮುಂಚಿನ ದಿನ ಆಕೆ ಮಾಡಿದ ಒಂದು ಕೆಲಸವನ್ನು ಓಣಿಯ ಆ ಬಾಯಿಜೋರಿನವಳೇ ನನಗೆ ಹೇಳಿದಳು. ಆಯಿ ತನ್ನ ಕೊಡವನ್ನು ಆಚೆಗಿಡದೆ, ಬಾವಿ ಸುತ್ತಿಕೊಂಡು ಓಣಿಯ ಗಡಗಡಿಯ ಹತ್ತಿರ ಬಂದು, ಸೋಸುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟಳಂತೆ. "ದಿನಾ ನೋಡವ್ವಾ. ಏನರೆ ಹರದಾಡಿದ್ದು ಕಾಣ್ತಂದ್ರ ಅವತ್ತಿಂದ ಕುಡಿ. ಅಲ್ಲೀಮಟ ಬ್ಯಾರೆ ಕಡೆಯಿಂದ ತಾ," ಎಂದಳಂತೆ. "ಬ್ಯಾರೆ ಕಡೆ ನಮಗ್ಯಾರು ಸೇದಗೊಡ್ತಾರ ಆಯಿ?" ಎಂದು ಇವಳು ಕೇಳಿದಳಂತೆ.

ಒಂದು ವರ್ಷ ಬಿಟ್ಟು ನಾನು ಬಸ್ಸು ಬದಲಿಸುತ್ತ ಜುಗೂಳಕ್ಕೆ ಹೋದೆ. ಆಯಿ ನದಿಯ ಮೆಟ್ಟಿಲ ಮೇಲೆ ಕುಳಿತು ನೀರು ಸೋಸುತ್ತಿದ್ದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಆದರೂ ಊಟ ಮೊದಲಿನಂತಿಲ್ಲ, ಎರಡು ತುತ್ತಿಗೆ ಸಾಕಾಗುತ್ತದೆ ಎಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ: ಪೈಪು, ನೀಲಿ ಪೊರೆ, ಕೆಂಪು ಗೆರೆ, ನನ್ನ ಗೋಡೆಪತ್ರಿಕೆ. ಕ್ಷಮೆ ಕೇಳಬೇಕೆಂದು ಬಂದಿದ್ದೆ. ಯಾವ ತಪ್ಪಿಗೆ ಎಂಬುದನ್ನು ಸರಿಯಾಗಿ ಹೇಳಲಾಗದೆ ತೊದಲಿದೆ.

ಆಕೆ ಕೇಳುತ್ತ ಬಟ್ಟೆಯನ್ನು ಮಗುಚಿ ತೊಳೆದಳು. "ಔಷಧ ಹಾಕ್ಯಾರ ಅಂದ್ರಿ. ಆಮ್ಯಾಲ ಓಣ್ಯಾಕಿಗಿ ಬ್ಯಾಸಗಿ ಅಂದ್ರಿ. ಈಗ ಪೈಪ ಅಂತೀರಿ," ಎಂದಳು. "ಯಾವ್ದು ಖರೇರಿ ಬಾಯಾರ?"

"ನನಗೂ ಗೊತ್ತಾಗವಲ್ದು ಆಯಿ."

"ಗೊತ್ತಿಲ್ಲ ಅಂತ ಅವತ್ತs ಅಂದಿದ್ರ ನಾ ಆ ನೀರು ಕುಡೀತಿದ್ದಿಲ್ಲಲ್ರಿ."

ಅಷ್ಟನ್ನೇ ಹೇಳಿ, ತೊಳೆದ ನೀರನ್ನು ಎರಡೂ ಕೈಯಿಂದ ನದಿಗೆ ತಾಗಿಸಿ ಬಿಟ್ಟಳು. ಆಮೇಲೆ, ನೀವು ಉಂಡು ಹೋಗಬೇಕು, ಜೋಳದ ರೊಟ್ಟಿ ಆಗಿದೆ ಎಂದಳು. ಉಂಡೆ.

ಮರಳಿ ಬರುವ ದಾರಿಯುದ್ದಕ್ಕೂ ಆ ಮಾತನ್ನು ಹೊರಳಿಸಿ ನೋಡಿದೆ. ಪ್ರಾಚಾರ್ಯರಿಗೆ ಖಾತ್ರಿಯಿಲ್ಲ, ಆದ್ದರಿಂದ ಅಗೆಯುವುದಿಲ್ಲ. ಆಯಿಗೆ ಖಾತ್ರಿಯಿಲ್ಲದಿದ್ದರೆ ಕುಡಿಯುತ್ತಿರಲಿಲ್ಲ. ಗೊತ್ತಿಲ್ಲವೆಂಬ ಒಂದೇ ಸಂಗತಿಯಿಂದ ಈ ಇಬ್ಬರೂ ಎರಡು ದಿಕ್ಕಿಗೆ ಹೋದರು. ನಾನು ಪಾಠದಲ್ಲಿ ಕಲಿಸಬೇಕಾಗಿದ್ದುದು ಬಹುಶಃ ಇದನ್ನೇ, ಕಲಿಸಿದ್ದು ಘೋಷವಾಕ್ಯವನ್ನು.

ಈಗ ಈ ದಶಕ ಮುಗಿಯುತ್ತ ಬಂದಿದೆ. ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಗೋಡೆಯ ಮೇಲಿನ ಅಕ್ಷರಗಳಿಗೆ ಪ್ರತಿವರ್ಷ ಹೊಸ ಬಣ್ಣ ಬಳಿಯುತ್ತಾರೆ. ಲವಣದ ಪ್ರಾಯೋಗಿಕ ತರಗತಿ ನಡೆದ ಮಧ್ಯಾಹ್ನ ಗುಂಡಿಯ ಬಳಿ ನಿಂತರೆ ನೀರು ಇಂಗುವ ಸದ್ದು ಕೇಳುತ್ತದೆ. ಓಣಿಯವಳು ಆಯಿಯ ಬಟ್ಟೆಯನ್ನು ಇಟ್ಟುಕೊಂಡಿದ್ದಾಳೆ. ನಾನು ಸಂದಿಯ ಬಳಿ ಹೋದಾಗಲೆಲ್ಲ ಅದನ್ನು ಬಿಡಿಸಿ ಹಿಡಿದು, "ಬರ್ರಿ ಬಾಯಾರ, ಹಾಜ್ರಿ ಹಿಡೀರಿ. ಇವತ್ತೂ ಎಲ್ಲಾರೂ ಗೈರು," ಎನ್ನುತ್ತಾಳೆ. ಅವಳು ಹಾಗೆಂದು ಅದೇ ನೀರಿನ ಕೊಡ ಎತ್ತಿಕೊಂಡು ಹೋಗುತ್ತಾಳೆ, ಬೇರೆ ನೀರಿಲ್ಲದ್ದರಿಂದ.

ಸಂಸ್ಥೆಯ ಆಡಳಿತ ಮಂಡಳಿಯವರೇ, ಪ್ರಾಚಾರ್ಯರೇ, ಗುಂಡಿಯ ಮುಚ್ಚಳ ಎತ್ತದೆ ಮಾದರಿಯೆಂದು ಬರೆದ ವಿಶ್ವವಿದ್ಯಾಲಯದವರೇ, ಖಾತ್ರಿಯಾಗುವವರೆಗೆ ಕಾಯಿರೆಂದು ನನಗೆ ಹೇಳಬೇಡಿ. ಕಾಯುತ್ತಿರುವವರು ಅದೇ ನೀರು ಕುಡಿಯುತ್ತ ಕಾಯುತ್ತಿದ್ದಾರೆ. ಬರುವ ಜೂನಿನಲ್ಲಿ ಪ್ರಾಯೋಗಿಕ ತರಗತಿಗಳು ಶುರುವಾಗುವ ಮೊದಲು ರಸಾಯನಶಾಸ್ತ್ರ ಪ್ರಯೋಗಾಲಯದ ಪೈಪನ್ನು ಗುಂಡಿಯಿಂದ ಕಡಿದುಹಾಕಿ. ನೀವು ಕುಡಿಯುವ ಬೋರಿನ ನೀರಿನ ಒಂದು ನಳವನ್ನು ಕಂಪೌಂಡ್ ಗೋಡೆಯ ಹೊರಮೈಗೆ, ಓಣಿಯ ಕಡೆಗೆ ತೆಗೆದುಕೊಡಿ. ಅದಕ್ಕೆ ಬೀಗ ಹಾಕಬೇಡಿ, ಯಾರ ಅಪ್ಪಣೆಯನ್ನೂ ಇಡಬೇಡಿ. ಆ ಹೆಂಗಸಿನ ಕೈಯ ಬಟ್ಟೆಯಲ್ಲಿ ಜೀವ ಹರಿದಾಡಿದ್ದನ್ನು ಅವಳೇ ಕಂಡು ಹೇಳುವವರೆಗೆ ಆ ನಳ ಅಲ್ಲಿರಲಿ, ಆಮೇಲೆಯೂ ಇರಲಿ. ಮತ್ತು ಕಡತ ಎಲ್ಲಿದ್ದರೂ ಹುಡುಕಿ ತಂದು, ನನ್ನ ನಕ್ಷೆಯನ್ನು ಬಾವಿಕಟ್ಟೆಯ ಮೇಲೆ ಓಣಿಯವರ ಎದುರಿಗೆ ಬಿಚ್ಚಿ ಹಾಸಿ. ಕೆಂಪು ಗೆರೆ ಎಲ್ಲಿಗೆ ಹೋಗಿದೆಯೆಂದು ಅವರು ನೋಡಲಿ. ನಾನೂ ಅವರ ಕಡೆಗೆ ನಿಂತು ನೋಡುತ್ತೇನೆ.